ಅಕ್ಕನ ಮಗ್ಗುಲು

ಟೈಲರಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಮೂವರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು. ಕೌದಿ ಅವರು ಮಡಿಸಿಟ್ಟ ಹಾಗೆಯೇ ಇತ್ತು. ಮೇಲಿನ ಮಡಿಕೆಯಲ್ಲಿ ಅಕ್ಕನ ಸೂಜಿ ನೆಟ್ಟಗೆ ನಿಂತಿತ್ತು. ಅದರ ಕಣ್ಣಿಗೆ ಪೋಣಿಸಿದ ಬಿಳಿ ದಾರ ಪಕ್ಕದಲ್ಲೇ ಸುತ್ತಿಕೊಂಡು ಮಲಗಿತ್ತು.

"ಚೂರೂ ತುಕ್ಕು ಹಿಡಿದಿಲ್ಲ ನೋಡಿ," ಎಂದಳು ಟೈಲರಮ್ಮ. "ಇಡೀ ಮಳೆಗಾಲ ಈ ಪೆಟ್ಟಿಗೇಲೇ ಕೂತಿತ್ತು. ಕೆಳಗೆ ಅಂಗಡೀಲಿ ನನ್ನ ಕತ್ತರಿಗಳೆಲ್ಲ ಕೆಂಪಗಾಗಿವೆ."

"ನಿನ್ನ ಕತ್ತರಿಗೆ ತುಕ್ಕು ಹಿಡಿಯೋದು ಮಳೆಯಿಂದಲ್ಲ ಕಣೇ. ಕೈ ಬಿಟ್ಟು ಬಾಯಿ ಆಡಿಸ್ತಾ ಕೂತಿರ್ತೀಯಲ್ಲ, ಅದಕ್ಕೆ," ಎಂದಳು ನರ್ಸಮ್ಮ.

ತಂಗಿ ನಗಲಿಲ್ಲ. ಅವಳು ಸೂಜಿಯನ್ನೇ ನೋಡುತ್ತಿದ್ದಳು.

ತಂಗಿ ಎಂದರೆ ಚಿಕ್ಕ ಹುಡುಗಿಯಲ್ಲ, ಅವಳ ತಲೆಯೂ ಬೆಳ್ಳಗಾಗಿತ್ತು. ಆದರೆ ಈ ಕೋಣೆಗೆ ಬಂದ ಮೊದಲ ದಿನ ಅಕ್ಕ "ಇವಳು ನನ್ನ ತಂಗಿ" ಎಂದು ಪರಿಚಯ ಮಾಡಿಸಿದ್ದೇ ನೆಪ, ಅದೇ ಅವಳ ಹೆಸರಾಗಿ ನಿಂತುಬಿಟ್ಟಿತು. ಅವಳಿಗಿಂತ ಎಷ್ಟೋ ಚಿಕ್ಕವಳಾದ ಟೈಲರಮ್ಮನೂ "ಬನ್ನಿ ತಂಗಿ, ಕೂತ್ಕೊಳ್ಳಿ ತಂಗಿ" ಎನ್ನುವವಳೇ. ಅಕ್ಕ ಇರುವ ತನಕ ಅದು ನಗುವ ಮಾತಾಗಿತ್ತು. ಈಗ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ, ಯಾರ ತಂಗಿ ಎಂದು ಒಳಗೆ ಏನೋ ಕೇಳುತ್ತಿತ್ತು.

ಟೈಲರಮ್ಮನ ಅಂಗಡಿಯ ಮೇಲಿನ ಕೋಣೆ ಅದು. ಮರದ ಮೆಟ್ಟಿಲು, ಒಂದೇ ಕಿಟಕಿ, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಥಾನುಗಳು. ಕೆಳಗೆ ಅಂಗಡಿಯ ಹುಡುಗ ಹೊಲಿಗೆ ಯಂತ್ರ ತುಳಿದರೆ ಮೇಲೆ ನೆಲ ಸಣ್ಣಗೆ ನಡುಗುತ್ತಿತ್ತು. ವಾರಕ್ಕೊಂದು ಮಧ್ಯಾಹ್ನ ನಾಲ್ವರೂ ಅಲ್ಲಿ ಸೇರಿ ಕೌದಿ ಹೊಲಿಯುತ್ತಿದ್ದರು. ಮನೆಮನೆಯ ಹಳೆಯ ಬಟ್ಟೆ ಒಂದರ ಮೇಲೊಂದು ಹಾಸಿ, ನಾಲ್ಕು ಮಗ್ಗುಲಿಗೆ ನಾಲ್ವರು ಕೂತು, ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವುದು. ಒಂದು ಸುತ್ತು ನಾಲ್ಕೂ ಮಗ್ಗುಲಲ್ಲಿ ಮುಗಿಯದೆ ಮುಂದಿನ ಸುತ್ತಿಗೆ ಕೈ ಹಾಕುವ ಹಾಗಿಲ್ಲ. ಹಾಕಿದರೆ ಒಳಗಿನ ಬಟ್ಟೆ ಜರುಗಿ ಕೌದಿ ಸೊಟ್ಟಗಾಗುತ್ತದೆ. ನಡು ಹತ್ತಿರವಾದಂತೆ ಹೊಲಿದ ಭಾಗವನ್ನು ಸುರುಳಿ ಸುತ್ತಿ ಮಡಿಲಿಗೆ ಎಳೆದುಕೊಳ್ಳಬೇಕು. ಆಗ ಮಂಡಿಗೆ ಮಂಡಿ ತಾಗುತ್ತದೆ, ಒಬ್ಬರ ಉಸಿರು ಇನ್ನೊಬ್ಬರ ಕೈಮೇಲೆ ಬೀಳುತ್ತದೆ.

ಅಕ್ಕ ಎಡಗೈಯವಳು. ಉಳಿದ ಮೂವರ ಸೂಜಿ ಬಲದಿಂದ ಎಡಕ್ಕೆ ಹೋದರೆ ಅವಳದು ಎಡದಿಂದ ಬಲಕ್ಕೆ ಬರುತ್ತಿತ್ತು. ಹಾಗಾಗಿ ಅವಳ ಬಲಗಡೆ ಕೂತ ತಂಗಿಗೂ ಅವಳಿಗೂ ಪ್ರತಿ ಸುತ್ತಿನ ಮೂಲೆಯಲ್ಲಿ ಮುಖಾಮುಖಿ. ಯಾವಾಗಲೂ ಅಕ್ಕನೇ ಮೊದಲು ತಲುಪುತ್ತಿದ್ದಳು. ತಲುಪಿ, ಸೂಜಿ ನೆಟ್ಟು, ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದಳು: "ಬಂದ್ಯಾ?"

"ಬಂದೆ," ಎನ್ನುತ್ತಿದ್ದಳು ತಂಗಿ.

ಹೊಲಿಯುವಾಗ ಅಕ್ಕ ಪದ್ಯ ಹೇಳುತ್ತಿದ್ದಳು. ಅಕ್ಕತಂಗಿಯರ ಅಪ್ಪ ಬೆಳಗಿನ ಹೊತ್ತು ಹೇಳಿಕೊಳ್ಳುತ್ತಿದ್ದ ಪದ್ಯಗಳು ಅವು. ಸಾಲಿಗೆ ತಕ್ಕ ಹಾಗೆ ಸೂಜಿ ಮುಳುಗೇಳುತ್ತಿತ್ತು. ಕೊನೆಯ ಸಾಲಿನ ಕೊನೆಯ ಅಕ್ಷರವನ್ನು ಅವಳು ಎಳೆದಾಗ ನಾಲ್ವರೂ ಒಟ್ಟಿಗೆ ದಾರ ಎಳೆಯುತ್ತಿದ್ದರು. ತಂಗಿ ಒಂದು ದಿನವೂ ಬಾಯಿ ಬಿಟ್ಟು ಹೇಳಿದವಳಲ್ಲ. ದೇವರ ಮುಂದೆ ಕೂತರೂ ಅವಳು ಏನನ್ನೂ ಕೇಳಿಕೊಳ್ಳುವವಳಲ್ಲ, ಬರೀ ಕೇಳಿಸಿಕೊಳ್ಳುವವಳು. ಅವಳದೇ ಆದ ಕೆಲಸ ಇನ್ನೊಂದಿತ್ತು. ಅಕ್ಕನ ಕಣ್ಣು ಮಂಜಾದಂದಿನಿಂದ ಅವಳ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಂಗಿಯೇ. "ಮೊಳಕ್ಕಿಂತ ಉದ್ದ ಕೊಟ್ಟೀಯ, ಜೋಕೆ! ಆಮೇಲೆ ಗಂಟು ಬಿಡಿಸ್ತಾ ನೀನೇ ಕೂರಬೇಕು," ಎಂದು ಅಕ್ಕ ಪ್ರತಿ ಸಲವೂ ಗದರುತ್ತಿದ್ದಳು.

ಕೆಲಸ ಮುಗಿಸಿ ಮೆಟ್ಟಿಲು ಇಳಿಯುವಾಗ ಎಲ್ಲರೂ "ಬರ್ತೀನಿ" ಎನ್ನುವರು. ನರ್ಸಮ್ಮ ಮಾತ್ರ "ನಾನು ಹೋಗ್ತೀನಪ್ಪ" ಎಂದು ಒರಟಾಗಿ ಹೇಳಿ ಅಕ್ಕನ ಕೈಯಲ್ಲಿ ಬೈಸಿಕೊಳ್ಳುವಳು.

"ಹೋಗ್ತೀನಿ ಅನ್ನಬಾರದು ಅಂತ ಎಷ್ಟು ಸಲ ಹೇಳೋದು ನಿನಗೆ?"

"ನಮ್ಮ ವಾರ್ಡಿನ ಅಭ್ಯಾಸ ಅಕ್ಕ. ವಾಸಿಯಾಗಿ ಮನೆಗೆ ಹೋಗೋರಿಗೆ 'ಹೋಗಿ ಬನ್ನಿ' ಅಂದ್ರೆ ಹೊಡೆಯೋಕೇ ಬರ್ತಿದ್ರು. 'ಹೋಗಿ' ಅಂತಿದ್ವಿ. ಬಾಗಿಲು ಹಾಕ್ಕೊಳ್ತಿದ್ವಿ."

ಅಕ್ಕನ ಮಗಳು ಬಸುರಿ ಎಂಬ ಸುದ್ದಿ ಬಂದ ವಾರವೇ ಈ ಕೌದಿ ಶುರುವಾಗಿದ್ದು. ಮಗಳ ಶಾಲೆಯ ಲಂಗ, ಪದ್ಯ ಹೇಳುತ್ತಿದ್ದ ಅಪ್ಪನ ಅಂಗಿ, ಅಕ್ಕನ ತವರಿನ ಹೊದಿಕೆ ಎಲ್ಲ ಅದರ ಹೊಟ್ಟೆಯೊಳಗಿದ್ದವು. ನಡುವಿನಲ್ಲಿ ಎರಡು ಅಂಗೈ ಇಟ್ಟಷ್ಟು ಜಾಗ ಉಳಿದಿತ್ತು, ಅಷ್ಟೇ. ಅಕ್ಕ ಕೊನೆಯ ಸಲ ಬಂದ ದಿನ ತಂಗಿ ಹೊಸ ದಾರ ಪೋಣಿಸಿ ಕೊಟ್ಟಿದ್ದಳು. ಅಕ್ಕ ಪದ್ಯದ ನಡುವೆ ನಿಲ್ಲಿಸಿ, ಎದೆಯ ಮೇಲೆ ಕೈ ಇಟ್ಟು, "ಯಾಕೋ ಇಲ್ಲಿ ಹಿಡಿದ ಹಾಗಿದೆ" ಎಂದಳು. ನರ್ಸಮ್ಮ ಮುಖ ನೋಡಿದವಳೇ ಎದ್ದು ಕಂಕುಳಿಗೆ ಕೈ ಕೊಟ್ಟಳು. ಮೆಟ್ಟಿಲ ತಿರುವಿನಲ್ಲಿ ಅಕ್ಕ ತಿರುಗಿ ನೋಡಿ, "ಸೂಜಿ ತೆಗೀಬೇಡಿ. ಬರ್ತೀನಿ," ಎಂದಳು.

"ಹೋಗಿ ಬಾ ಅಕ್ಕ," ಎಂದಿದ್ದಳು ತಂಗಿ.

ಗಾಡಿ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಮಗಳಿಗೆ ದಿನ ತುಂಬುತ್ತ ಬಂದಿತ್ತು. "ಚಿಕ್ಕಮ್ಮ, ನನಗೆ ಬೇರೇನೂ ಬೇಡ. ಅಮ್ಮನ ಕೌದಿ ಮುಗಿಸಿಕೊಡು. ನನ್ನ ಮಗು ಅದರ ಮೇಲೇ ಮೊದಲು ಮಲಗಬೇಕು," ಎಂದು ಅವಳು ಹೇಳಿದ ಮೇಲೆ ಪೆಟ್ಟಿಗೆ ತೆರೆಯದೆ ವಿಧಿಯಿರಲಿಲ್ಲ.

ಮೂವರೂ ತಂತಮ್ಮ ಮಗ್ಗುಲಿಗೆ ಕೂತರು. ತಮ್ಮ ಪಾಲಿನ ಸುತ್ತು ಮುಗಿಸಿದರು. ಪದ್ಯವಿಲ್ಲದ ಕೋಣೆಯಲ್ಲಿ ಸೂಜಿ ಬಟ್ಟೆಯೊಳಗೆ ಹೋಗುವ ಸದ್ದೂ ಕೇಳುತ್ತಿತ್ತು. ಅಕ್ಕನ ಮಗ್ಗುಲು ಹಾಗೇ ಉಳಿಯಿತು.

"ಇದನ್ನ ಯಾರು ಹೊಲಿಯೋದು?" ಎಂದಳು ಟೈಲರಮ್ಮ.

"ಮುಂದಿನ ವಾರ ನಾನೇ ಹೊಲೀತೀನಿ," ಎಂದಳು ತಂಗಿ. "ಇವತ್ತು ಕೈ ಬರ್ತಿಲ್ಲ."

ಟೈಲರಮ್ಮ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ವಾರ ಬಂದು ನೋಡಿದರೆ ಅಕ್ಕನ ಮಗ್ಗುಲಿನ ಸುತ್ತು ಮುಗಿದಿತ್ತು. ಸೂಜಿ ಅಲ್ಲಿಂದ ಸರಿದು ಮೂಲೆಯಲ್ಲಿ, ತಂಗಿಯ ಸೂಜಿಯ ಎದುರಿಗೆ ನಿಂತಿತ್ತು.

ಕೆಳಗೆ ಯಂತ್ರ ಓಡಿತು, ನಿಂತಿತು.

"ನೀನೇ ತಾನೇ?" ಎಂದು ನರ್ಸಮ್ಮ ಟೈಲರಮ್ಮನ ಮೇಲೆ ಎಗರಿದಳು. "ಬೀಗದಕೈ ಇರೋದು ನಿನ್ನ ಹತ್ರ."

"ಬೀಗದಕೈ ನನ್ನ ಸೊಂಟದಲ್ಲಿದೆ, ಸೊಂಟ ನನ್ನ ಹತ್ರಾನೇ ಇದೆ. ನನಗೇನು ಹುಚ್ಚಾ? ನೀವೇ ಬಂದು ಹೊಲಿದಿರಬೇಕು, ಬೇಗ ಮುಗೀಲಿ ಅಂತ."

"ನಾನು ಹೊಲಿದ್ರೆ ಹೀಗಿರುತ್ತೇನೇ? ನನ್ನ ಹೊಲಿಗೆ ನೋಡಿದ್ರೆ ಗಾಯಕ್ಕೆ ಹಾಕಿದ ಹಾಗಿರುತ್ತೆ ಅಂತ ನೀನೇ ಆಡ್ಕೊಳ್ತೀಯ."

ತಂಗಿ ಬಗ್ಗಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಎಡದಿಂದ ಬಲಕ್ಕೆ ಬಂದ ಹೊಲಿಗೆ. ಒಂದೊಂದು ಸಾಲಿನ ಕೊನೆಗೆ ಎಳೆದ ಕಡೆ ಬಟ್ಟೆ ಸಣ್ಣಗೆ ಕುಳಿ ಬಿದ್ದಿತ್ತು, ಅಕ್ಕನಿಗೆ ಬೀಳುತ್ತಿದ್ದ ಹಾಗೆಯೇ. ದಾರ ಮಾತ್ರ ಅಷ್ಟಕ್ಕಷ್ಟು ಗಿಡ್ಡವಾಗಿತ್ತು.

"ಇದು ಅಕ್ಕನ ಕೈ," ಎಂದಳು.

ನರ್ಸಮ್ಮ ತನ್ನ ಮಗ್ಗುಲಿಗೆ ಹೋಗಿ ಕೂತಳು. ಅವಳು ಎಷ್ಟೋ ಹೆಣಗಳ ಕಣ್ಣು ಮುಚ್ಚಿಸಿದ್ದವಳು. ಆದರೂ ಆ ದಿನ ಅವಳ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಟೈಲರಮ್ಮ ಅಳತೆಯ ಸೀಮೆಸುಣ್ಣದಿಂದ ಸೂಜಿಯ ಸುತ್ತ ಗುರುತು ಹಾಕಿ ಬೀಗ ಹಾಕಿದಳು. ಮುಂದಿನ ವಾರ ಗುರುತು ಅಲ್ಲೇ ಇತ್ತು, ಸೂಜಿ ಮುಂದಿನ ಸುತ್ತಿನ ಮೂಲೆಯಲ್ಲಿತ್ತು. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಇವರು ಮೂವರು ಮೂರು ಮಗ್ಗುಲು ಹೊಲಿದು ಹೋಗುವುದು, ಬರುವಷ್ಟರಲ್ಲಿ ನಾಲ್ಕನೆಯದು ಆಗಿರುವುದು. ಹೊಲಿಯುವಾಗಲೂ ಒಂದೊಂದು ಸಲ ಮೂವರ ಕೈಗಳೂ ಒಮ್ಮೆಲೇ ನಿಂತು ಒಟ್ಟಿಗೆ ದಾರ ಎಳೆಯುತ್ತಿದ್ದವು. ಯಾರೂ ಪದ್ಯ ಹೇಳಿರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಮತ್ತೆ ಸೂಜಿ ಚುಚ್ಚುತ್ತಿದ್ದರು.

"ಇವತ್ತೇ ಉಳಿದಿದ್ದು ಮುಗಿಸಿ ಕೈ ತೊಳ್ಕೊಳ್ಳೋಣ," ಎಂದು ಟೈಲರಮ್ಮ ಒಂದು ದಿನ ಕಣ್ಣಲ್ಲಿ ನೀರು ತಂದುಕೊಂಡಳು. "ನನಗೆ ಕೆಳಗೆ ಕೂತು ಮೆಷಿನ್ ತುಳಿಯೋಕೂ ಭಯ. ಸೂರಿನ ಮೇಲೆ ಯಾರೋ ಮಗ್ಗುಲು ಬದಲಾಯಿಸಿ ಕೂತ ಹಾಗಾಗುತ್ತೆ."

"ಸುತ್ತು ಮುಗೀದೆ ಮುಂದಕ್ಕೆ ಹೋಗೋ ಹಾಗಿಲ್ಲ. ಗೊತ್ತಲ್ಲ," ಎಂದಳು ತಂಗಿ.

"ಅಕ್ಕನ ಮಗ್ಗುಲು ನೀವೇ ಹೊಲೀರಿ ಮತ್ತೆ!"

"ಅವಳ ಮಗ್ಗುಲು ಅವಳು ಹೊಲೀತಿದ್ದಾಳೆ."

ಅಷ್ಟು ಗಟ್ಟಿಯಾಗಿ ತಂಗಿ ಎಂದೂ ಮಾತಾಡಿರಲಿಲ್ಲ. ಉಳಿದಿಬ್ಬರೂ ಸೂಜಿ ಕೈಗೆತ್ತಿಕೊಂಡರು.

ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ತಂಗಿಯ ಮೈಯಲ್ಲಿ ಹೊಸ ಜೀವ ಬಂದಿತ್ತು. ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಎಲ್ಲರ ನಂತರ ಇಳಿಯುತ್ತಿದ್ದಳು. ಮೂಲೆಯಲ್ಲಿ ನಿಂತ ಸೂಜಿಯ ಎದುರು ಕೂತು "ಬಂದೆ ಅಕ್ಕ" ಎನ್ನುತ್ತಿದ್ದಳು. ಮನೆಯ ಸುದ್ದಿ ಹೇಳುತ್ತಿದ್ದಳು: ನಿನ್ನ ಮಗಳ ಕಾಲು ಊದಿವೆ, ಉಪ್ಪು ಕಡಿಮೆ ಮಾಡು ಅಂದಿದ್ದೇನೆ, ಕೇಳಲ್ಲ, ನಿನ್ನ ಹಾಗೇ ಹಠ. ಹೇಳಿ ಹಗುರಾಗುತ್ತಿದ್ದಳು. ಆದರೆ ಪ್ರತಿ ವಾರ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ದಾರಕ್ಕೆ. ಮೊಳದಷ್ಟಿದ್ದದ್ದು ಗೇಣಾಯಿತು, ಗೇಣು ಬೆರಳುದ್ದವಾಯಿತು. ಇತ್ತ ಕೌದಿಯ ನಡು ಒಂದು ಲೋಟದ ಬಾಯಿಯಷ್ಟು ಉಳಿದಿತ್ತು.

ಒಂದು ಮಧ್ಯಾಹ್ನ ಬಂದಾಗ ಸೂಜಿಯ ಕಣ್ಣು ಬರಿದಾಗಿತ್ತು. ದಾರದ ಕೊನೆ ಬಟ್ಟೆಯೊಳಗೆ ಮುಗಿದಿತ್ತು. ಸೂಜಿ ಅಕ್ಕನ ಮಗ್ಗುಲಿನ ನಡುದಾರಿಯಲ್ಲಿ ನಿಂತಿತ್ತು, ತನ್ನ ಬರಿಗಣ್ಣನ್ನು ತಂಗಿಯ ಕಡೆ ತಿರುಗಿಸಿಕೊಂಡು. ಪೋಣಿಸಿ ಕೊಡೇ ಎಂದು ಅಕ್ಕ ಎಂದೂ ಬಾಯಿಬಿಟ್ಟು ಕೇಳಿದವಳಲ್ಲ. ಸೂಜಿಯನ್ನು ಹೀಗೇ ತಿರುಗಿಸಿ ಹಿಡಿಯುತ್ತಿದ್ದಳು.

ತಂಗಿ ಅವತ್ತು ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ಕೆಳಗಿಳಿದ ಮೇಲೆ, "ಕನ್ನಡಕ ಮರೆತೆ" ಎಂದು ಬೀಗದಕೈ ಇಸಿದುಕೊಂಡು ಒಬ್ಬಳೇ ಮೇಲೆ ಬಂದಳು. ದಾರದುಂಡೆ ತೆಗೆದು ಎಳೆದಳು. ಮೊಳದ ಹತ್ತಿರ ಕೈ ನಿಂತಿತು. ಮೊಳ ಕೊಟ್ಟರೆ ಕೌದಿ ಮುಗಿದುಹೋಗುತ್ತದೆ. ಮುಗಿದ ಮೇಲೆ ಅಕ್ಕ ಬರಲು ಇಲ್ಲಿ ಏನಿದೆ? ದಾರ ಮುಗಿಯದಿದ್ದರೆ ಅವಳ ಹೊಲಿಗೆಯೂ ಮುಗಿಯದು. ಎಳೆದಳು. ಇನ್ನೂ ಎಳೆದಳು. ಎರಡು ತೋಳು ಚಾಚಿದರೂ ಸಾಲದಷ್ಟು ಉದ್ದ ಎಳೆದು, ಕತ್ತರಿಸಿ, ಪೋಣಿಸಿ, ಸೂಜಿಯನ್ನು ಇದ್ದಲ್ಲೇ ನೆಟ್ಟಳು.

"ಆತುರ ಇಲ್ಲ ಅಕ್ಕ," ಎಂದಳು. "ನಿಧಾನಕ್ಕೆ ಹೊಲಿ."

ಮುಂದಿನ ವಾರ ಅವರ ಜೊತೆ ಅಕ್ಕನ ಮಗಳೂ ಬಂದಿದ್ದಳು. ಬೇಡ ಬೇಡ ಎಂದರೂ ಕೇಳದೆ, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಮೆಟ್ಟಿಲು ಹತ್ತಿದಳು. "ಎಷ್ಟು ವಾರದಿಂದ ಲೋಟದಷ್ಟಿದೆ, ಲೋಟದಷ್ಟಿದೆ ಅಂತೀರಲ್ಲ. ನೀವು ಮುಗಿಸೋಷ್ಟರಲ್ಲಿ ನನ್ನ ಮಗು ಕಾಲೇಜಿಗೆ ಹೋಗಿರುತ್ತೆ," ಎಂದು ನಗುತ್ತ ಕೌದಿಯನ್ನು ತಾನೇ ಹಾಸಿದಳು.

ಹಾಸಿದವಳ ನಗು ಹಾಗೇ ನಿಂತಿತು.

ನಡು ಕೈಮುಷ್ಟಿಯ ಹಾಗೆ ಮುದುರಿಕೊಂಡಿತ್ತು. ದಾರ ಗಂಟಿನ ಮೇಲೆ ಗಂಟಾಗಿತ್ತು. ಹೊಲಿಗೆ ಮುಂದಕ್ಕೆ ಹೋಗದೆ ಅದೇ ಜಾಗದಲ್ಲಿ, ಹೊಲಿದದ್ದರ ಮೇಲೇ ಹೊಲಿದು, ತಿರುಗಿ, ಮತ್ತೆ ಹೊಲಿದು, ಬಟ್ಟೆ ಅಲ್ಲಲ್ಲಿ ಜಾಲರಿಯಾಗಿ ಹರಿದಿತ್ತು. ಹರುಕಿನೊಳಗಿಂದ ಶಾಲೆಯ ಲಂಗದ ನೀಲಿ ಕಾಣುತ್ತಿತ್ತು. ಕತ್ತಲಲ್ಲಿ ಬಾಗಿಲು ಸಿಗದೆ ಗೋಡೆ ತಡವಿದವರ ಕೈ ಗುರುತಿನ ಹಾಗಿತ್ತು ಅದು.

ಮಗಳು ಹೊಲಿಗೆಯ ಮೇಲೆ ಕೈ ಇಟ್ಟಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಆ ಕೈ ಹೊಲಿದ ಬಟ್ಟೆ ತೊಟ್ಟೇ ಬೆಳೆದವಳು ಅವಳು.

"ಇದು ಅಮ್ಮನ ಹೊಲಿಗೆ," ಎಂದಳು ಮೆಲ್ಲಗೆ. "ಚಿಕ್ಕಮ್ಮ, ಅಮ್ಮನಿಗೆ ಏನಾಗಿದೆ?"

ತಂಗಿ ಕೌದಿಯ ಪಕ್ಕ ಕೂತಳು. ಉದ್ದ ದಾರದ ವಿಷಯ ಅವಳೇ ಹೇಳಿದಳು, ನೆಲ ನೋಡುತ್ತ. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗದರುತ್ತಾಳೆಂದು ತಂಗಿ ಅಂದುಕೊಂಡಿದ್ದ ನರ್ಸಮ್ಮ ಗದರಲಿಲ್ಲ. ಹತ್ತಿರ ಬಂದು ಕೂತು, ನಾಡಿ ನೋಡುವವಳ ಹಾಗೆ ತಂಗಿಯ ಮಣಿಕಟ್ಟು ಹಿಡಿದಳು.

"ಅವತ್ತು ಮೆಟ್ಟಿಲ ಮೇಲೆ ಅವಳು ಏನಂದ್ಲು?"

"ಬರ್ತೀನಿ ಅಂದ್ಲು."

"ನೀನೇನಂದೆ?"

"ಹೋಗಿ ಬಾ ಅಂದೆ. ಎಲ್ಲರೂ ಅನ್ನೋದು ಅದೇ ತಾನೇ?"

"ಅದೇ. ತಪ್ಪೇನಿಲ್ಲ," ಎಂದಳು ನರ್ಸಮ್ಮ. "ಅವಳು ಮಾತಿಗೆ ತಪ್ಪೋಳಲ್ಲ. ನೀನು ಬಾ ಅಂದಿದ್ದೀಯ, ಪಾಪ ಬರ್ತಿದ್ದಾಳೆ. ಎಷ್ಟು ಅಂತ ಓಡಾಡ್ತಾಳೇ ಅವಳು?"

ತಂಗಿ ಬಹಳ ಹೊತ್ತು ಆ ಮುದುರಿದ ನಡುವನ್ನೇ ನೋಡಿದಳು. ಆಮೇಲೆ ಕತ್ತರಿ ಕೇಳಿ ತೆಗೆದುಕೊಂಡಳು. ಒಂದೊಂದೇ ಗಂಟು ಬಿಡಿಸಿದಳು, ಬಿಡದ್ದನ್ನು ಕತ್ತರಿಸಿದಳು. ಉದ್ದ ದಾರ ಪೂರ್ತಿ ಹೊರಗೆ ಬಂದು ಅವಳ ಮಡಿಲಲ್ಲಿ ರಾಶಿ ಬಿತ್ತು. ಹರುಕಿನ ಕೆಳಗೆ ಟೈಲರಮ್ಮ ಒಂದು ತುಂಡು ಬಟ್ಟೆ ತೂರಿಸಿ ಸಮ ಮಾಡಿದಳು. ತಂಗಿ ಹೊಸ ದಾರ ಎಳೆದು ಮೊಳಕ್ಕೆ ಸರಿಯಾಗಿ ಅಳೆದಳು.

ಪೋಣಿಸಿ, ಎದ್ದು, ಅಕ್ಕನ ಮಗ್ಗುಲಿಗೆ ಬಂದು ಕೂತಳು. ಆ ಜಾಗ ತಣ್ಣಗಿರಲಿಲ್ಲ. ಈಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು. ರೂಢಿಯಿಲ್ಲದ ಕೈ, ಹೊಲಿಗೆ ಎಳೆಮಗುವಿನ ಹೆಜ್ಜೆಯ ಹಾಗೆ ಬಿತ್ತು. ಮೂರು ಹೊಲಿಗೆಗೆ ಕೈ ನಿಂತಿತು. ಏನೋ ಕೊರತೆ. ಅವಳು ಗಂಟಲು ಸರಿಮಾಡಿಕೊಂಡು, ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡ ದಿನ ಪದ್ಯ ಎಲ್ಲಿ ನಿಂತಿತ್ತೋ ಅಲ್ಲಿಂದ ಎತ್ತಿಕೊಂಡಳು. ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಒಡಕು ದನಿ, ಎಲ್ಲೋ ಏರಬೇಕಾದದ್ದು ಎಲ್ಲೋ ಏರಿತು. ಆದರೆ ಪದ ಒಂದೂ ಜಾರಲಿಲ್ಲ. ಅಷ್ಟು ವರ್ಷ ಕಿವಿಗೆ ಬಿದ್ದದ್ದೆಲ್ಲ ಕಿವಿಯಲ್ಲೇ ಕಾದು ಕೂತಿತ್ತು. ನರ್ಸಮ್ಮ ತನ್ನ ಮಗ್ಗುಲಿಗೆ ಕೂತಳು, ಟೈಲರಮ್ಮ ತನ್ನದಕ್ಕೆ. ಮಗಳು ಏನೂ ಕೇಳದೆ ತಂಗಿಯ ಖಾಲಿ ಮಗ್ಗುಲಿಗೆ ಬಂದು, ಹೊಟ್ಟೆಗೆ ಅಡ್ಡವಾದ ಕೌದಿಯ ಸುರುಳಿಯನ್ನು ಒತ್ತರಿಸಿಕೊಂಡು, ಅಲ್ಲಿದ್ದ ಸೂಜಿ ಕೈಗೆತ್ತಿಕೊಂಡಳು.

ಸುತ್ತು ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು. ಕೆಳಗೆ ಯಂತ್ರ ಓಡುತ್ತಿರಲಿಲ್ಲ, ಆದರೂ ನೆಲ ಸಣ್ಣಗೆ ನಡುಗುತ್ತಿತ್ತು. ಕೊನೆಯ ಸುತ್ತಿನ ಮೂಲೆಗೆ ತಂಗಿಯ ಸೂಜಿ ತಲುಪಿದಾಗ ಪದ್ಯದ ಕೊನೆಯ ಸಾಲು ಬಂದಿತ್ತು. ಎದುರಿನಿಂದ, ತಾನು ಇಷ್ಟು ವರ್ಷ ಕೂತಿದ್ದ ಜಾಗದಿಂದ, ಕನ್ನಡಕದ ಮೇಲಿಂದ ನೋಡಿ ಕೇಳಿದ ಹಾಗೆ ಅವಳಿಗೆ ಕೇಳಿಸಿತು:

"ಬಂದ್ಯಾ?"

ತಂಗಿ ತಲೆ ಎತ್ತಿದಳು. ಅಲ್ಲಿ ಮಗಳು ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಅವಳ ತುಟಿ ಅಲುಗಿರಲಿಲ್ಲ.

"ಬಂದೆ," ಎಂದಳು ತಂಗಿ. ಆಮೇಲೆ ಸೂಜಿಯನ್ನು ಕೆಳಕ್ಕೆ ಇಳಿಸಿ, ಗಂಟು ಹಾಕಿ, ಕತ್ತರಿಯ ಬಾಯಿ ದಾರಕ್ಕೆ ಹಿಡಿದಳು. ನಾಲಿಗೆಯ ತುದಿಗೆ ಬಂದದ್ದು ಅದೇ ಹಳೆಯ ಮಾತು. ಅರ್ಧ ಹೇಳುವುದಕ್ಕೆ ಪೂರ್ತಿ ಹೇಳುವುದಕ್ಕಿಂತ ಹೆಚ್ಚು ಉಸಿರು ಬೇಕಾಯಿತು.

"ಹೋಗಕ್ಕ."

ಆ ಮಾತಿನ ಕೊನೆಯ ಅಕ್ಷರ ಪದ್ಯದ ಕೊನೆಯಂತೆ ಎಳೆದುಕೊಂಡಿತು. ನಾಲ್ವರ ಕೈಗಳೂ ಒಟ್ಟಿಗೆ ದಾರ ಎಳೆದವು. ಕತ್ತರಿ ಮುಚ್ಚಿದ ಸದ್ದು ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಕೇಳಿಸಿತು. ಮರದ ಮೆಟ್ಟಿಲಿನ ಮೇಲಿನ ಹಲಗೆ ಒಮ್ಮೆ ಕಿರುಗುಟ್ಟಿತು, ಅದರ ಕೆಳಗಿನದು ಒಮ್ಮೆ. ಆಮೇಲೆ ಏನೂ ಇಲ್ಲ. ನೆಲ ಗಟ್ಟಿಯಾಗಿ ನಿಂತಿತ್ತು.

ಟೈಲರಮ್ಮ ತಂಗಿಯ ಕೈಯಿಂದ ಸೂಜಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಈಗಷ್ಟೇ ಬಟ್ಟೆಯಿಂದ ಹೊಳೆಯುತ್ತ ಹೊರಬಂದ ಸೂಜಿ ತಲೆಯಿಂದ ತುದಿಯವರೆಗೂ ಕೆಂಪಗೆ ತುಕ್ಕು ಹಿಡಿದಿತ್ತು. ಅವಳು ಅದನ್ನು ಯಾರಿಗೂ ತೋರಿಸದೆ ಒಂದು ಚೂರು ಬಟ್ಟೆಯಲ್ಲಿ ಸುತ್ತಿ ತಂಗಿಯ ಮುಷ್ಟಿಯೊಳಗೆ ಇಟ್ಟಳು.

ಕೌದಿಯನ್ನು ಕೊಡವಿ ಮಡಿಸಿದರು. ಹರಿದ ಕಡೆ ಒಂದು ಚೂರು ಉಬ್ಬಿಕೊಂಡಿತ್ತು. ಬಿಚ್ಚಿ ಸರಿ ಮಾಡ್ಲಾ ಎಂದು ಟೈಲರಮ್ಮ ಕೇಳಿದರೆ ಮಗಳು ಬೇಡವೆಂದಳು. ನರ್ಸಮ್ಮ ಅವಳ ತೋಳು ಹಿಡಿದು ಮೆಟ್ಟಿಲಿನವರೆಗೆ ಕರೆತಂದಳು. ತಿರುವಿನಲ್ಲಿ, ಕೌದಿಯನ್ನು ಎದೆಗವಚಿಕೊಂಡು, ಮಗಳು ತಿರುಗಿ ನೋಡಿದಳು.

"ಬರ್ತೀನಿ ಚಿಕ್ಕಮ್ಮ."

ಅದೇ ತಿರುವು, ಅದೇ ಮುಖದ ಓರೆ. ಮೇಲಿನಿಂದ ಟೈಲರಮ್ಮ, ಕೆಳಗಿನಿಂದ ನರ್ಸಮ್ಮ ತಂಗಿಯ ಬಾಯನ್ನೇ ನೋಡುತ್ತ ನಿಂತರು. ಮುಷ್ಟಿಯಲ್ಲಿದ್ದ ಸೂಜಿ ಬಟ್ಟೆಯನ್ನು ತೂರಿ ಅವಳ ಅಂಗೈಗೆ ಒತ್ತುತ್ತಿತ್ತು.

"ಹೋಗಿ ಬಾ," ಎಂದಳು ತಂಗಿ. "ಇಬ್ಬರೂ ಬನ್ನಿ."